ಸುಣ್ಣದ ಪಾಳಿ

ಸ್ಟೌರ್‌ಬ್ರಿಡ್ಜಿನ ಕಾಲುವೆ ದಂಡೆ, ಗಾಜಿನ ಕಾರ್ಖಾನೆಯ ಬೆನ್ನಿಗೆ
ನಾಲ್ಕು ತೊಟ್ಟಿ, ಒಂದು ತಗಡಿನ ಕೋಣೆ, ಒಂದು ಕೆಟಲ್.
ಮುಂಬಾಗಿಲಿನಿಂದ ಹೂದಾನಿಗಳು ಮದುವೆಗಳಿಗೆ ಹೊರಡುತ್ತವೆ.
ಹಿಂಬಾಗಿಲಿನಿಂದ, ಅವು ಮಿಂದ ನೀರು
ನನ್ನ ಹತ್ತಿರ ಬರುತ್ತದೆ.

ಕೊರೆದ ಗಾಜು ಮೊದಲು ಮಂಕು, ಪೊರೆ ಬಂದ ಕಣ್ಣಿನ ಹಾಗೆ;
ಆಮ್ಲದಲ್ಲಿ ಅದ್ದಿ ತೆಗೆದರೆ ಹೊಳಪು.
ಆ ಹೊಳಪಿನ ಸಾಲ ತೀರಿಸುವುದು ನನ್ನ ಪಾಳಿ,
ರಾತ್ರಿ ಹತ್ತರಿಂದ ಬೆಳಗಿನ ಆರು.

ನಾರ್ಮನ್ ರೇಬೋಲ್ಡ್ ಮೊದಲ ದಿನವೇ ಕೈಗವಸು ಕಳಚಿ
ತೋರುಬೆರಳು ತೋರಿಸಿದ್ದ: ತುದಿಯಿಲ್ಲ.
"ಆಗ ಉರಿಯಲೇ ಇಲ್ಲ, ಬಾಬ್. ಮನೆಗೆ ಹೋದೆ, ಉಂಡೆ, ಮಲಗಿದೆ.
ನಡುರಾತ್ರಿ ಮೂಳೆಯ ಬಾಗಿಲು ಬಡಿಯಿತು."
ಅದಕ್ಕೆ ಬೇಕಾದದ್ದು ಸುಣ್ಣ.
ತೊಟ್ಟಿಯಲ್ಲಿ ಸಿಗದಿದ್ದರೆ
ಎಲುಬಿನಲ್ಲಿ ಹುಡುಕುತ್ತದೆ.

ನನಗೆ ಹೇಳಬೇಕಾಗಿರಲಿಲ್ಲ.
ನಾನು ಪಾವಗಡದ ಕಡೆಯವಳು, ನನ್ನ ನಗು ಕಂದು.
ಕೊಳವೆಬಾವಿ ನನ್ನ ಹಲ್ಲಿನ ಮೇಲೆ ಎಳೆದ ಅಡ್ಡಗೆರೆಗಳನ್ನು
ಇಲ್ಲಿನ ದಂತವೈದ್ಯೆ ಪುಟ್ಟ ಕನ್ನಡಿ ಹಿಡಿದು ಓದಿ
"ಎಷ್ಟು ವರ್ಷದಿಂದ ಸಿಗರೇಟು?" ಅಂದಳು.
ಸೋದರತ್ತೆ ಓಬಳಕ್ಕ ಕತ್ತು ತಿರುಗಿಸಲಾರದೆ
ಕರೆದವರತ್ತ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು.
ಮಹಾರಾಣಿ ಅಂತ ನಗುತ್ತಿದ್ದೆವು ನಾವು, ಮಕ್ಕಳು.

ಈ ಊರಲ್ಲೋ, ಹಲ್ಲು ಗಟ್ಟಿಯಿರಲೆಂದು
ಅದನ್ನೇ ಚಿಟಿಕೆಯಷ್ಟು ನಲ್ಲಿ ನೀರಿಗೆ ಬೆರೆಸುತ್ತಾರೆ,
ಅಳೆದು, ತೂಗಿ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರಲ್ಲ,
ಸುಣ್ಣದ ಮೇಲೆ ನನಗೀಗ ಸಿಟ್ಟಿಲ್ಲ.

ಗುರುವಾರ ರಾತ್ರಿ. ಯಾವುದೋ ಹೋಟೆಲಿಗೆ ಎಂಟುನೂರು ಲೋಟ.
ಸುಣ್ಣ ಸುರಿದೆ. ತೊಟ್ಟಿ ಹಾಲಾಯಿತು.
ಗಂಧಕಾಮ್ಲ ಮೊದಲ ಪಂಕ್ತಿಗೇ ಕೂತ ನೆಂಟನ ಹಾಗೆ
ತನ್ನ ಪಾಲು ಮುಗಿಸಿ, ಪಕ್ಕದೆಲೆಗೂ ಕೈ ಹಾಕಿತು.
ಮೀಟರು ಇಪ್ಪತ್ತೆರಡಕ್ಕೆ ನಿಂತಿತು.
ಪರವಾನಗಿಯಲ್ಲಿ ಬರೆದದ್ದು ಹದಿನೈದು.

ಎರಡು ಗಂಟೆಗೆ ಫೋನು, ಮೇಲಿನವನದು:
"ಹೋಸ್ ಬಿಡು. ಅಂಕಿ ತಾನಾಗಿ ಇಳಿಯುತ್ತೆ."
ಇಳಿಯುತ್ತದೆ, ಸುಳ್ಳಲ್ಲ.
ನಮ್ಮ ಬೀದಿಯ ಹಾಲಿನವನಿಗೂ ಗೊತ್ತಿದ್ದ ಲೆಕ್ಕ ಅದು.
ನಾನು ನಲ್ಲಿಯನ್ನು ಅರ್ಧ ಸುತ್ತು ತಿರುಗಿಸಿದೆ, ಮುಚ್ಚಿಡುವುದಿಲ್ಲ;
ಹೋಸು ನಿದ್ದೆಯಿಂದೆದ್ದ ಹಾವಿನಂತೆ ಒಮ್ಮೆ ಅಲುಗಿತು.
ತೊಟ್ಟಿಯ ಅಂಚಿನಲ್ಲಿ ಯಾರೋ
ಇಡೀ ಮೈ ತಿರುಗಿಸಿ ನೋಡಿದ ಹಾಗಾಯಿತು.

ಮುಚ್ಚಿದೆ.
ಕ್ಯಾಲ್ಸಿಯಂ ಕ್ಲೋರೈಡಿನ ಎರಡು ಮೂಟೆ ಹೆಗಲಿಗೇರಿಸಿ ತಂದೆ.
ಕಲಕುವ ರೆಕ್ಕೆ ತಿರುಗಿತು, ತಿರುಗಿತು.
ಆಮೇಲೆ ಮಾಡುವುದೇನೂ ಇಲ್ಲ, ಕಾಯುವುದು.
ಕಣ್ಣಿಗೆ ಕಾಣದ ಹುಡಿ, ಅಂಟಿನ ಎರಡು ಹನಿ ಬಿದ್ದ ಮೇಲೆ
ಒಂದನ್ನೊಂದು ಹಿಡಿದುಕೊಂಡು
ಒಡೆದ ಹಾಲಿನಂತೆ ಗಂಟು ಗಂಟಾಗಿ ತಳಕ್ಕಿಳಿಯಿತು.
ನಾಲ್ಕೂ ನಲವತ್ತಕ್ಕೆ: ಹದಿಮೂರು ಪಾಯಿಂಟ್ ಎಂಟು.
ಸೊನ್ನೆಯಲ್ಲ. ಸೊನ್ನೆ ಎಂದೂ ಬರುವುದಿಲ್ಲ.

ಗೇಟು ಎತ್ತಿದೆ.

ಒತ್ತುಯಂತ ಬಿಚ್ಚಿದರೆ ಬಿಳಿ ಬಿಲ್ಲೆಗಳು, ಒದ್ದೆ, ಭಾರ,
ಹೂಳುವುದಕ್ಕೆ ಲಾರಿಯಲ್ಲಿ ಹೋಗುತ್ತವೆ.
ನಿವೃತ್ತಿಯ ದಿನ ನಾರ್ಮನ್ ಕೊಟ್ಟ ಕಲ್ಲು ಕಿಟಕಿಯಲ್ಲಿದೆ,
ಡರ್ಬಿಶೈರಿನ ಗುಹೆಯದು: ನೇರಳೆ, ಜೇನುಬಣ್ಣ, ಮತ್ತೆ ನೇರಳೆ,
ಜನ ಉಂಗುರಕ್ಕೆ ಕೂರಿಸಿಕೊಳ್ಳುತ್ತಾರಂತೆ.
"ನಿನ್ನ ಕೆಸರೇ ಇದು, ಬಾಬ್," ಅಂದಿದ್ದ,
"ಅವಸರವಿಲ್ಲದೆ ಕೂತದ್ದು ಅಷ್ಟೇ."
ಕಲ್ಲಿನ ಮೇಲೂ ಅಡ್ಡಗೆರೆಗಳು.
ಅವನು ನನ್ನ ಹಲ್ಲು ನೋಡಿ ಹೇಳಿದನೋ ಇಲ್ಲವೋ,
ನಾನು ಕೇಳಲಿಲ್ಲ.

ಆರು ಗಂಟೆ. ಕಾಲುವೆಯಲ್ಲಿ ನೀರುಕೋಳಿಯೊಂದು
ತನ್ನ ಪಾಡಿಗೆ ಮುಳುಗಿ, ಬೇರೆಲ್ಲೋ ಎದ್ದಿತು.
ಲಾರಿ ಹಿಂದೆ ಹಿಂದೆ ಬರುತ್ತ ಕೂಗುತ್ತಿತ್ತು.
ಕೈ ತೊಳೆದೆ. ನಲ್ಲಿಗೆ ಕೆಟಲ್ ಹಿಡಿದೆ, ತುಂಬಿದೆ.
ಅಳೆಯಲಿಲ್ಲ.